ಕುರ್ಚಿಯ ಮೇಲೆ ಕೂತು ಅಳಬಹುದೇ?

ನಮ್ಮ ದೊಡ್ಡವ್ವನನ್ನು ನಿಮ್ಮ ಮನೆಯ ಮದುವೆಗೆ ಕರೆದರೆ ಬರುವುದಿಲ್ಲ. ಗೃಹಪ್ರವೇಶಕ್ಕೂ ಬರುವುದಿಲ್ಲ, ತೊಟ್ಟಿಲಿಗಂತೂ ಕೇಳಲೇಬೇಡಿ. ಆದರೆ ಒಮ್ಮೆ ಸತ್ತು ನೋಡಿ, ಮೊದಲ ಬಸ್ಸಿಗೇ ಬಂದಿಳಿಯುತ್ತಾಳೆ!

ತಪ್ಪು ತಿಳಿಯಬೇಡಿ. ನನ್ನ ಅವ್ವನ ಅಕ್ಕ ಕೆಟ್ಟ ಹೆಂಗಸಲ್ಲ. "ಮದುವಿಗೆ ಯಾರರ ಹೋಗ್ತಾರ, ಅಲ್ಲಿ ಊಟ ಇರತೈತಿ. ಸತ್ತ ಮನೀಗೆ ಹೋಗೋರು ಬೇಕಲ್ಲ?" ಎನ್ನುವುದು ಅವಳ ವಾದ. ಹೈದರಾಬಾದಿನಲ್ಲಿ ನಮ್ಮ ಕಡೆಯ ಮಂದಿ ಲಿಂಗಂಪಲ್ಲಿಯಿಂದ ನಾಚಾರಂವರೆಗೆ ಚೆಲ್ಲಿದ ಜೋಳದ ಹಾಗೆ ಅಲ್ಲೊಂದು ಇಲ್ಲೊಂದು ಮನೆ. ಒಬ್ಬರು ಕಾರ್ಖಾನೆ ನೌಕರಿಗೆಂದು ಬಂದವರು, ಒಬ್ಬರು ಬಟ್ಟೆ ವ್ಯಾಪಾರಕ್ಕೆಂದು ಬಂದವರು. ಬಾಜೂ ಮನೆಯವರ ಜೊತೆ ತೆಲುಗು, ಅಂಗಡಿಯಲ್ಲಿ ಹಿಂದಿ, ಹೇಗೋ ನಡೆದುಹೋಗುತ್ತದೆ. ಅಳು ಮಾತ್ರ ಕನ್ನಡದಲ್ಲೇ ಬರುತ್ತದೆ. ಅದನ್ನು ಕೇಳಿಸಿಕೊಳ್ಳಲು ಯಾರಾದರೂ ಬೇಕು. ದೊಡ್ಡವ್ವ ಹೋಗುತ್ತಾಳೆ.

ಹೀಗೆ ಹೋಗಿಬರುವುದಕ್ಕೆ ನಮ್ಮಲ್ಲಿ 'ಮಾತಾಡಿಸುವುದು' ಎನ್ನುತ್ತಾರೆ. ಹೆಸರಷ್ಟೇ, ಅಲ್ಲಿ ಮಾತು ಕಡಿಮೆ. ಸದ್ದಿಲ್ಲದೆ ಒಳಗೆ ಹೋಗಬೇಕು, ದುಃಖದಲ್ಲಿದ್ದವಳ ಪಕ್ಕ ನೆಲದ ಮೇಲೆ ಕೂರಬೇಕು, ಅವಳ ಮೊಣಕಾಲಿಗೆ ನಮ್ಮ ಮೊಣಕಾಲು ತಾಗಬೇಕು, ಕೈ ಹಿಡಿದುಕೊಳ್ಳಬೇಕು. ಆ ಮನೆಯಲ್ಲಿ ಚಾ ಕುಡಿಯಬಾರದು. ಏಳುವಾಗ 'ಹೋಗಿ ಬರ್ತೀನಿ' ಎನ್ನಬಾರದು. ಇಂಥದಕ್ಕೆ ಮತ್ತೆ ಬರುವಂತಾಗುವುದು ಯಾರಿಗೆ ಬೇಕು? ಸುಮ್ಮನೆ ಎದ್ದು ನಡೆಯಬೇಕು. ಈ ನಿಯಮಗಳ ವಿಷಯದಲ್ಲಿ ದೊಡ್ಡವ್ವನೇ ಸುಪ್ರೀಂ ಕೋರ್ಟು. ಮನೆಗೆ ಮರಳಿದ ಮೇಲೆ ತೀರ್ಪು ಬೇರೆ ಕೊಡುತ್ತಿದ್ದಳು: "ಸಾವು ಛಲೋ ಆತು ಬಿಡು. ಹಾರ ಮಾತ್ರ ಸಣ್ಣದಾತು."

ಇದರಿಂದಾದ ಒಂದು ತೊಂದರೆಯೆಂದರೆ ಆಸ್ಪತ್ರೆಯಲ್ಲಿದ್ದವರನ್ನು ನೋಡಲು ಅವಳು ಹೋಗುವಂತಿರಲಿಲ್ಲ. ನಮ್ಮ ಪರಿಚಯದ ಹಿರಿಯರೊಬ್ಬರು ಬಾಗಿಲಲ್ಲಿ ಇವಳನ್ನು ಕಂಡದ್ದೇ ಸಲೈನಿನ ನಳಿಗೆಯ ಸಮೇತ ಎದ್ದು ಕೂತು, "ನಾ ಆರಾಮ ಅದೀನ್ರಿ ಅಕ್ಕಾರ. ಭಾಳ ಆರಾಮ ಅದೀನಿ. ನೀವು ಹೋಗ್ರಿ" ಎಂದರಂತೆ.

ಇಂಥವಳ ಬಲಗಡೆಯ ಸೊಂಟದ ಕೀಲು ಸವೆದುಹೋಯಿತು. ಮೊದಮೊದಲು ಅದೂ ಅವಳ ಕೀರ್ತಿಗೇ ಜಮೆಯಾಯಿತು. ಸತ್ತ ಮನೆಯಲ್ಲಿ ನೆಲಕ್ಕೆ ಇಳಿಯುವಾಗ ನೋವಿಗೆ ಅವಳ ಕಣ್ಣಲ್ಲಿ ದಳದಳ ನೀರು. "ನಮ್ಮ ಮುದುಕನ ಮ್ಯಾಲೆ ಎಷ್ಟ ಜೀವ ಇತ್ತು ನೋಡ್ರಿ ಇವರಿಗೆ" ಎಂದು ಮನೆಯವರು ಕರಗುತ್ತಿದ್ದರು. ಆ ಮುದುಕ ಯಾರೆಂದು ದೊಡ್ಡವ್ವನಿಗೆ ಎಷ್ಟೋ ಸಲ ಸರಿಯಾಗಿ ನೆನಪೂ ಇರುತ್ತಿರಲಿಲ್ಲ.

ಬಸ್ಸು ಹತ್ತುವುದೇ ಆಗದೆ ಹೋದಾಗ ದೊಡ್ಡಪ್ಪ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಜೊತೆಗೆ ನಾನು. ಅವರಿಬ್ಬರಿಗೆ ಮಕ್ಕಳಿಲ್ಲ, ಚಿಕ್ಕಂದಿನಿಂದ ಮಗಳ ಪಾತ್ರ ನನ್ನದೇ. ತೆಲುಗಿನ ಆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಕೀಲನ್ನೇ ಬದಲಿಸಬೇಕು, ಆಮೇಲೆ ಚೆನ್ನಾಗಿ ನಡೆಯಬಹುದು ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: "ಕಾನೀ ಅಮ್ಮಾ, ಇಂಕ ಕಿಂದ ಕೂರ್ಚೋಕೂಡದು." ಇನ್ನು ಮುಂದೆ ನೆಲದ ಮೇಲೆ ಕೂರುವಂತಿಲ್ಲ. ಎಂದೂ.

ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ. "ಸತ್ತ ಮನಿಯೊಳಗ?"

ದೊಡ್ಡಪ್ಪ ಅದನ್ನು ತೆಲುಗಿಗೆ ತಿರುಗಿಸಿದ. ಡಾಕ್ಟರು ಅವಳಿಗೆ ಸಾವಿನ ಹೆದರಿಕೆಯೆಂದು ತಿಳಿದು, ನಿಮಗೇನೂ ಆಗುವುದಿಲ್ಲಮ್ಮಾ ಎಂದು ಬೆನ್ನು ತಟ್ಟಿ ಕಳಿಸಿದರು.

"ಒಲ್ಲೆ" ಎಂದಳು, ಆಟೋದಲ್ಲಿ. "ಮಂದಿ ನೆಲದ ಮ್ಯಾಲೆ ಬಿದ್ದು ಅಳತಿರತಾರ, ನಾ ಕುರ್ಚಿ ಹಾಕ್ಕೊಂಡು ಕುಂದರಲೇನು, ಸಾಲಿ ತಪಾಸಣಿಗೆ ಬಂದ ಸಾಹೇಬನಗತೆ?"

"ಈಗರ ಏನ ಮಾಡ್ತಿ?" ಎಂದ ದೊಡ್ಡಪ್ಪ. "ನಡ್ಯಾಕ ಬರೂದಿಲ್ಲ, ಅಲ್ಲೀತನಕ ಹೋಗಾಕನ ಆಗೂದಿಲ್ಲ. ಮೊದಲು ಹೋಗೂದು ಕಲಿ, ಕುಂದ್ರೂದು ಆಮ್ಯಾಲೆ ನೋಡೂಣು."

ದೊಡ್ಡಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಮಶೀನ್ ಶಾಪಿನಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಅವನು ಹೇಳಿದ್ದರಲ್ಲಿ ಯಾವಾಗಲೂ ಒಂದು ಅಳತೆ ಇರುತ್ತಿತ್ತು, ಎದುರಾಡುವುದು ಕಷ್ಟ. ದೊಡ್ಡವ್ವ ಒಪ್ಪಿದಳು. ಆದರೆ ಮೊದಲು ತಯಾರಿ ಆಗಬೇಕೆಂದಳು.

ಜನ ಆಪರೇಷನ್ನಿಗೆ ಏನು ತಯಾರಿ ಮಾಡುತ್ತಾರೆ? ರಕ್ತ ಪರೀಕ್ಷೆ, ಸಕ್ಕರೆ ಪರೀಕ್ಷೆ. ನಮ್ಮ ದೊಡ್ಡವ್ವ ಊರಲ್ಲಿ ಯಾರು ಯಾರು ಸಾಯುವ ಹಾಗಿದ್ದಾರೆಂದು ಯೋಚಿಸಿದಳು. ತಾನು ಮಲಗಿರುವಾಗ ಅವರು ಹೋಗಿಬಿಟ್ಟರೆ? ಅದಕ್ಕೆ ಮುಂಗಡವಾಗಿಯೇ ಮಾತಾಡಿಸಿ ಬರುವುದೆಂದು ತೀರ್ಮಾನವಾಯಿತು. ಲಿಂಗಂಪಲ್ಲಿಯಲ್ಲಿ ರಾಯಚೂರಿನ ಕಡೆಯ ಒಬ್ಬ ಹಣ್ಣು ಮುದುಕಿಯಿದ್ದಳು. ಅಲ್ಲಿಗೆ ಹೋದೆವು. ನಾನೂ ಮುದುಕಿಯ ಮಗನೂ ಎರಡೂ ರಟ್ಟೆ ಹಿಡಿದು ದೊಡ್ಡವ್ವನನ್ನು ಮೂಟೆಯಂತೆ ನೆಲಕ್ಕಿಳಿಸಿದೆವು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೈ ಹಿಡಿದು ಕೂತಳು. ಚಾ ಬಂದರೆ ಮುಟ್ಟಲಿಲ್ಲ. ಆಮೇಲೆ ನಾವು ಎತ್ತಿ ನಿಲ್ಲಿಸಿದಾಗ, ಒಂದೂ ಮಾತಾಡದೆ ಹೊರಟುಬಿಟ್ಟಳು.

ಗೇಟು ದಾಟುವಾಗ ಹಿಂದಿನಿಂದ ಮುದುಕಿಯ ದನಿ ಕೇಳಿಸಿತು: "ಏ ತಮ್ಮಾ, ಅಕಿ ಚಾ ಕುಡೀಲಿಲ್ಲ. ಹೋಗಿ ಬರ್ತೀನೂ ಅನ್ನಲಿಲ್ಲಲೋ. ನನಗೇನಾಗೇತಿ, ಖರೇ ಹೇಳು."

ಮುದುಕಿ ಆ ದಿನ ಊಟ ಮಾಡಲಿಲ್ಲವಂತೆ. ಇಂಥ ಭೇಟಿ ಇನ್ನು ಸಾಕೆಂದು ದೊಡ್ಡಪ್ಪ ಕೈಮುಗಿದ.

ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಮಲಗಿಯೇ ಗಂಡನಿಗೆ ಅಪ್ಪಣೆಗಳಾದವು. "ನನಗೇನರ ಆದ್ರ, ಬಂದವರಿಗೆ ಚಾ ಕೊಡಬ್ಯಾಡ್ರಿ. ನಿಮಗ ತಿಳಿಯೂದಿಲ್ಲ, ಕೊಟ್ಟುಬಿಡ್ತೀರಿ."

"ನೀ ಇರೂದಿಲ್ಲಲ್ಲ. ಬಿಸ್ಕೀಟೂ ಕೊಡ್ತೀನಿ."

"ಕೊಡ್ರಿ. ನಾ ಎದ್ದು ಬರ್ತೀನಿ."

ಬಾಗಿಲು ಮುಚ್ಚಿದ ಮೇಲೆ ದೊಡ್ಡಪ್ಪ ಬೆಂಚಿನ ಮೇಲೆ ಕೂತು ಜೇಬಿನಿಂದ ಟೇಪು ತೆಗೆದು ಆ ಬೆಂಚಿನ ಎತ್ತರ ಅಳೆದ. ಮತ್ತೆ ಅಳೆದ. ನಾನು ಬೇರೆ ಕಡೆ ನೋಡಿದೆ.

ಎಚ್ಚರವಾದ ಮೇಲೆ ಅವಳು ನೋವೆನ್ನಲಿಲ್ಲ, ನೀರೆನ್ನಲಿಲ್ಲ. ತೆಗೆದ ಎಲುಬನ್ನು ಏನು ಮಾಡಿದಿರೆಂದು ನರ್ಸಮ್ಮನನ್ನು ಕನ್ನಡದಲ್ಲೇ ವಿಚಾರಿಸಿದಳು. "ಇಷ್ಟ ವರ್ಷ ಹೊತ್ತ ತಿರುಗಿದ್ದು. ಹಂಗ ಕಸದಾಗ ಒಗದರೋ, ಏನರ ಸಂಸ್ಕಾರ ಮಾಡಿದರೋ?"

"ಅದು ಮುಂದ ಹೋಗಿ, ಬಸ್ಸಿನ್ಯಾಗ ಹಾಕಿದಂಗ ನಿನ್ನ ಸೀಟಿಗೆ ದಸ್ತಿ ಹಾಕೇತಿ, ಮಲಕ್ಕೊ" ಎಂದ ದೊಡ್ಡಪ್ಪ.

ನಾಚಾರಂನ ನನ್ನ ಸಂಸಾರವನ್ನು ಗಂಡನಿಗೆ ಒಪ್ಪಿಸಿ, ನಾನು ಹಿಮಾಯತ್‌ನಗರದ ಅವರ ಮನೆಯಲ್ಲಿ ಬೀಡುಬಿಟ್ಟೆ. ಮಲಗಿದಾಗ ಎರಡು ಕಾಲುಗಳ ನಡುವೆ ದಿಂಬು, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಬಗ್ಗುವಂತಿಲ್ಲ, ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತಿಲ್ಲ. ಈ ಕೊನೆಯದಕ್ಕಾಗಿ ದೊಡ್ಡಪ್ಪ ಮನೆಯ ತೋಳುಕುರ್ಚಿಗೆ ಮರದ ಗುಂಡುಗಾಲು ಜೋಡಿಸಿ ಎತ್ತರಿಸಿದ, ಮಂಚವನ್ನೂ ಎತ್ತರಿಸಿದ. ಕುರ್ಚಿ ಎಷ್ಟು ಎತ್ತರವಾಯಿತೆಂದರೆ ಅದರಲ್ಲಿ ಕೂತ ದೊಡ್ಡವ್ವನಿಗೆ ಎಲ್ಲರ ನೆತ್ತಿ ಕಾಣುತ್ತಿತ್ತು. "ನಿನ್ನ ತಲಿಯೊಳಗ ಹೊಟ್ಟಾಗೇತಿ" ಎಂದು ನನಗೆ ಹೇಳಿದಳು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಅವಳನ್ನು ಮೆಚ್ಚಿಕೊಂಡಿದ್ದಳು. ವಾಕರು ಹಿಡಿದು ಅಷ್ಟು ಹಟದಿಂದ ನಡೆಯುವವರನ್ನು ತಾನು ನೋಡಿಲ್ಲವಂತೆ. ಈ ಹಟ ಯಾವುದಕ್ಕೆಂದು ನಮಗೆ ಗೊತ್ತಿತ್ತು. ಫೋನು ರಿಂಗಾದರೆ ಸಾಕು, ದೊಡ್ಡವ್ವನ ಕಿವಿ ನಿಮಿರುತ್ತಿತ್ತು.

ಅಷ್ಟರಲ್ಲಿ ನಾಚಾರಂನ ನಮ್ಮ ಓಣಿಯಲ್ಲಿ ಒಂದು ಸಾವಾಯಿತು. ಅಲ್ಲೊಬ್ಬ ಬೀದರಿನ ಟೀಚರ್ ಬಾಯಿ ಇದ್ದಳು. ಅವಳ ತಾಯಿ ತೀರಿಕೊಂಡಳು. ದೊಡ್ಡವ್ವ ಆಗಲೇ ಸೀರೆ ಉಟ್ಟು ತಯಾರು. ಆಟೋದಲ್ಲಿ ವಾಕರನ್ನೂ ಅವಳನ್ನೂ ಹೇಗೋ ಹೊಂದಿಸಿಕೊಂಡು ಹೋದೆವು. ಒಳಗೆ ಹೆಂಗಸರೆಲ್ಲ ಚಾಪೆಯ ಮೇಲಿದ್ದರು. ಯಾರೋ ಓಡಿಹೋಗಿ ಕುರ್ಚಿ ತಂದರು. ದೊಡ್ಡವ್ವ ಕೂರಲಿಲ್ಲ. ವಾಕರು ಹಿಡಿದು ಟೀಚರ್ ಬಾಯಿಯ ಮುಂದೆ ನಿಂತಳು. ಹಿರಿಯಳು ನಿಂತಿರುವಾಗ ತಾನು ಕೂತಿರುವುದು ಹೇಗೆ? ಟೀಚರ್ ಬಾಯಿ ಎದ್ದು ನಿಂತಳು. ಅವಳು ಎದ್ದಳೆಂದು ಪಕ್ಕದವಳು ಎದ್ದಳು. ಕೊನೆಗೆ ಇಡೀ ಮನೆ ಜನಗಣಮನಕ್ಕೆ ನಿಂತ ಹಾಗೆ ಕೈ ಇಳಿಬಿಟ್ಟು ನೆಟ್ಟಗೆ ನಿಂತಿತು. ಅಳುತ್ತಿದ್ದವರ ಅಳು ನಿಂತೇಹೋಯಿತು. ನಾವು ಹೊರಟುಬಂದೆವು.

ಮನೆಯಲ್ಲಿ ದೊಡ್ಡವ್ವ ತನ್ನ ಎತ್ತರದ ಕುರ್ಚಿಯಲ್ಲಿ ಕೂತು, "ಮುಗೀತು" ಎಂದಳು. "ಪಾಪ, ಆ ಹುಡುಗಿ ಅಳೂದನ್ನ ನಿಲ್ಲಿಸಿ ಬಂದೆ. ಇನ್ನ ನಾ ಯಾರ ಮನೀಗೂ ಹೋಗೂದಿಲ್ಲ."

ಮರುದಿನದಿಂದ ವ್ಯಾಯಾಮ ಬಿಟ್ಟಳು. ವ್ಯಾಯಾಮದ ಹುಡುಗಿ ಬಂದು ಕರೆದರೆ, "ಎಲ್ಲಿಗೆ ನಡೀಲವಾ?" ಎನ್ನುತ್ತಿದ್ದಳು. ಮಾಡಿಟ್ಟ ಅನ್ನ ಆರುತ್ತಿತ್ತು. ಸಂಜೆಯಾದರೂ ದೀಪ ಹಾಕೆಂದು ಹೇಳುತ್ತಿರಲಿಲ್ಲ. ಕಾಲು ಹೋದಾಗ ಕುಗ್ಗದವಳು, ಕಾಲು ಬಂದ ಮೇಲೆ ಹೀಗಾದಳಲ್ಲ ಎಂದು ನಾನೂ ಸೋತೆ. ದೊಡ್ಡಪ್ಪ ಮಾತ್ರ ಸೋಲಲಿಲ್ಲ. ಒಂದು ಮಧ್ಯಾಹ್ನ ಅವಳ ಕುರ್ಚಿಯ ಮುಂದೆ ತಾನೇ ನೆಲದ ಮೇಲೆ ಕೂತು, ಹೆಗಲ ಟವೆಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದುಕೊಂಡ.

"ಹ್ಞಾಂ, ನಮ್ಮ ಮನಿಯಾಗ ಸಾವಾಗೇತಿ. ನೀ ಬಂದಿ. ಮಾತಾಡಸು. ರೂಢಿ ಆಗತೈತಿ."

"ಹುಚ್ಚ ಹಿಡದೈತೇನ್ರಿ?"

ದೊಡ್ಡಪ್ಪ ದನಿ ತೆಗೆದು ಅಳತೊಡಗಿದ. ದೊಡ್ಡವ್ವ ಸ್ವಲ್ಪ ಹೊತ್ತು ಸಹಿಸಿದಳು. ಕೆಲಸ ಬಲ್ಲವರಿಗೆ ಕೆಟ್ಟ ಕೆಲಸ ನೋಡಲಾಗುವುದಿಲ್ಲ. "ಹಿಂಗ ಅಳತಾರೇನ್ರಿ ಯಾರರ? ಕೆಮ್ಮಿದಂಗ ಆಗಾಕತ್ತೇತಿ. ಹೆಂಡತಿ ಸತ್ತಾಳಂತ ತಿಳಕೊಳ್ರಿ."

"ಹಂಗ ತಿಳಕೊಂಡ ಅಳಾಕತ್ತೀನಿ. ನಡುನಡುವ ನಗೂ ಬರತೈತಿ."

ಬಹಳ ದಿನಗಳ ಮೇಲೆ ದೊಡ್ಡವ್ವ ನಕ್ಕಳು. ಆ ಎತ್ತರದಿಂದ ಕೈ ಚಾಚಿದಳು. ಅವನ ಕೈ ಹಿಡಿಯಲು ಅವಳು ಬಗ್ಗಬೇಕಾಗಿತ್ತು, ಬಗ್ಗುವಂತಿರಲಿಲ್ಲ. "ನೋಡ್ರಿ, ಎಟಕೂದಿಲ್ಲ. ನಾ ಹೇಳಿದ್ನಲ್ಲ" ಎಂದಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಪ್ಪ ಹಾಲಿನ ಪಾಕೀಟು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. "ಎದಿ ಹಿಡದಂಗ ಆಗೇತಿ, ನೋಡು" ಎಂದ. ನಾನು ನೀರು ತರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ. ನೀರು ಕುಡಿಯಲಿಲ್ಲ.

ಪಡಸಾಲೆಯಲ್ಲಿ ಅವನನ್ನು ಮಲಗಿಸಿದರು. ದೊಡ್ಡವ್ವ ಪಕ್ಕದಲ್ಲಿ, ಆ ಕುರ್ಚಿಯ ಮೇಲೆ. ಅವಳ ಕಣ್ಣು ಒಣಗಿತ್ತು. "ನನ್ನ ಕೆಳಗ ಕುಂದರಸ" ಎಂದಳು.

"ಬ್ಯಾಡ ದೊಡ್ಡವ್ವ, ಕೀಲು ಕಳಚತೈತಿ."

"ಕಳಚಲಿ. ಅವರು ನೆಲದ ಮ್ಯಾಲೆ ಅದಾರ, ನಾ ಮ್ಯಾಲೆ ಕುಂತೀನಿ. ಇದು ಚಂದ ಏನ?"

ಅವಳು ಜಾರಲು ನೋಡಿದಳು. ನಾನು ಎರಡೂ ತೋಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವಳ ಕೈಗೆ ದೊಡ್ಡಪ್ಪನ ಹಣೆ ಎಟುಕಲಿಲ್ಲ. ಗಂಡಸರು ಎತ್ತಿಕೊಂಡು ಹೋದರು. ಆಗಲೂ ಅಳಲಿಲ್ಲ. ಆ ರಾತ್ರಿ ಕಳೆದರೂ ಅಳಲಿಲ್ಲ.

ಮರುದಿನ ಮಾತಾಡಿಸುವವರು ಬರತೊಡಗಿದರು. ನಾನು ತೊಳೆದ ನೆಲದ ಮೇಲೆ ಚಾಪೆ ಹಾಸಿದ್ದೆ. ಮೊದಲು ಬಂದವಳು ಟೀಚರ್ ಬಾಯಿ. ಒಳಗೆ ಬಂದು ಚಾಪೆ ನೋಡಿದಳು, ಕುರ್ಚಿಯ ಮೇಲಿದ್ದ ದೊಡ್ಡವ್ವನನ್ನು ನೋಡಿದಳು. ಅಡುಗೆಮನೆಗೆ ಹೋಗಿ ಸ್ಟೂಲು ತಂದು ದೊಡ್ಡವ್ವನ ಎದುರಿಗಿಟ್ಟು ಕೂತಳು. ತಗ್ಗಾಯಿತು. ಎದ್ದು, ಹಾಸಿಗೆಯ ಮೇಲಿನ ದಿಂಬುಗಳನ್ನು ಒಂದರ ಮೇಲೊಂದು ಹಾಕಿ ಮತ್ತೆ ಹತ್ತಿ ಕೂತಳು. ಹಿಂದೆ ಬಂದವರೂ ಚಾಪೆಯ ಮೇಲೆ ಕೂರಲಿಲ್ಲ. ಮೇಲಿನ ಮನೆಯ ತೆಲುಗಿನಾಕೆ ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸಿದಳು. ಒಂದೇ ಇಟ್ಟರೆ ಎತ್ತರ ಸಾಲದೆಂದು ಒಂದರೊಳಗೊಂದು ಸೇರಿಸಿ ಇಟ್ಟುಕೊಂಡರು. ಲಿಂಗಂಪಲ್ಲಿಯ ಆ ಹಣ್ಣು ಮುದುಕಿಯನ್ನು ಮಗ ಎತ್ತಿ, ಕಾಳಿನ ದೊಡ್ಡ ಡಬ್ಬಿಯ ಮೇಲೆ ಕೂರಿಸಿದ.

ಟೀಚರ್ ಬಾಯಿ ದಿಂಬಿನ ಮೇಲೆ ಓಲಾಡುತ್ತಲೇ ಮುಂದೆ ಸರಿದು, ದೊಡ್ಡವ್ವನ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿ, ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕಾಲು ನೆಲಕ್ಕೆ ಎಟುಕದೆ ಜೋತಾಡುತ್ತಿದ್ದ ಅಷ್ಟು ಹೆಂಗಸರ ನಡುವೆ ನಮ್ಮ ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಮೇಲೆ ಒತ್ತಿಕೊಳ್ಳುವುದನ್ನೂ ಬಿಟ್ಟು ಅತ್ತಳು.