ಟ್ರೈ ಮಾಡ್ತೀನಿ ಮೇಷ್ಟ್ರೇ

ಭದ್ರಾವತಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಹಾಗಿದ್ದೂ ಮೂರೇ ಅಕ್ಷರದ ಒಂದು ಇಂಗ್ಲಿಷ್ ಕ್ರಿಯಾಪದ ವಾರಕ್ಕೊಮ್ಮೆಯಾದರೂ ನನ್ನನ್ನು ಬೇಸ್ತು ಬೀಳಿಸುತ್ತಲೇ ಇರುತ್ತದೆ. ಇತ್ತೀಚೆಗೆ ಅದು ನನ್ನ ಮಗಳ ನಿಶ್ಚಿತಾರ್ಥಕ್ಕೇ ಕೈ ಹಾಕಿತು. ಆ ಪದ ‘ಟ್ರೈ’.

ಅರ್ಥ

ನಿಶ್ಚಿತಾರ್ಥಕ್ಕೆ ಮೊದಲು ಮನೆಗೆ ಹೊಸ ಗೇಟು ಹಾಕಿಸೋಣವೆಂದು ಮಾಚೇನಹಳ್ಳಿಯ ವೆಲ್ಡಿಂಗ್ ಶಾಪಿನವನಿಗೆ ಹೇಳಿದೆ. ಗುರುವಾರ ತರ್ತೀಯೇನಪ್ಪಾ ಎಂದರೆ ಟ್ರೈ ಮಾಡ್ತೀನಿ ಅಂದ. ನಾನು ಗುರುವಾರ ರಜೆ ಹಾಕಿ, ಹಳೇ ಗೇಟು ಕೀಳಿಸಿ ಕಾದೆ. ಗೇಟು ಬರಲಿಲ್ಲ. ಬೀದಿಯ ದನಗಳೆಲ್ಲ ಒಳಗೆ ಬಂದು ದಾಸವಾಳ ತಿಂದು ಹೋದವು. ಮರುದಿನ ಹೋಗಿ ರೇಗಿದರೆ ಅವನಿಗೆ ನಿಜಕ್ಕೂ ಬೇಜಾರಾಯಿತು.

“ಗುರುವಾರ ಆಗಲ್ಲ ಅಂತ ಅವತ್ತೇ ಹೇಳಿದ್ನಲ್ಲ ಸಾರ್. ಟ್ರೈ ಮಾಡ್ತೀನಿ ಅಂದ್ಮೇಲೂ ಯಾರಾದ್ರೂ ಹಳೇ ಗೇಟ್ ಕೀಳಿಸ್ತಾರಾ?”

ಉಚ್ಚಾರ

ಸವಳಂಗ ರಸ್ತೆಯ ನೆಂಟರ ಮನೆಗಳಿಗೆ ಕರೆಯಲು ಹೊರಟಾಗ ನನ್ನ ಹೆಂಡತಿ ಗುರುವಾದಳು. ಅವಳ ಪ್ರಕಾರ, ಚುಟುಕಾಗಿ ಟ್ರೈ ಮಾಡ್ತೀವಿ ಅಂದವರು ಬಂದರೂ ಬಂದಾರು. ಟ್ರೈಯ್ಯ್ ಎಂದು ಎಳೆಯುತ್ತಾ ಕುಂಕುಮದ ಬಟ್ಟಲು ತರಲು ಒಳಗೆ ಹೋದರೆ ಬರುವುದಿಲ್ಲ. ಕೈ ಹಿಡಿದುಕೊಂಡು ಖಂಡಿತ ಟ್ರೈ ಮಾಡ್ತೀವಿ ಅಂದರೆ ಅವತ್ತು ಊರಲ್ಲೇ ಇರುವುದಿಲ್ಲ. ನೆಟ್ಟಗೆ ಬರಲ್ಲ ಅನ್ನಲು ಇವರಿಗೇನು ಕಷ್ಟ ಎಂದು ನಾನು ಸಿಡುಕಿದೆ. ಮನೆ ಬಾಗಿಲಿಗೆ ಬಂದು ಕರೆದವರ ಮುಖ ನೋಡಿ ಹಾಗನ್ನೋಕಾಗುತ್ತಾ ಎಂದಳು. ಅಷ್ಟರಲ್ಲಿ ಅವಳಿಗೊಂದು ಫೋನ್ ಬಂತು. ಭಜನಾ ಮಂಡಳಿಯ ಗೆಳತಿ, ಮಾರನೆಯ ದಿನದ ಭಜನೆಗೆ ಕರೆಯುತ್ತಿದ್ದಳು.

“ಖಂಡಿತ ಟ್ರೈ ಮಾಡ್ತೀನಿ ಮಾರಾಯ್ತಿ” ಅಂದಳು, ನನ್ನ ಕಡೆ ನೋಡದೆ.

ಮೂಲ

ಮನೆಗೆ ಬಂದು ನಿಘಂಟು ತೆಗೆದೆ. ಹಳೆಯ ಫ್ರೆಂಚಿನಿಂದ ಬಂದ ಪದವಂತೆ. ಮೂಲದಲ್ಲಿ ಜರಡಿ ಹಿಡಿದು ಬೇರ್ಪಡಿಸುವುದು ಎಂದು ಅರ್ಥ. ನನಗೆ ಹಿಗ್ಗೋ ಹಿಗ್ಗು. ಕರೆದಿದ್ದ ಇನ್ನೂರು ಮಂದಿಯನ್ನೂ ಜರಡಿ ಹಿಡಿದೆ. ಟ್ರೈ ಅಂದಿದ್ದ ಎಂಬತ್ತು ಮಂದಿ ಉದುರಿದರು. ಇನ್ನೂರೈವತ್ತು ಎಲೆಗೆಂದು ಮೊದಲೇ ಒಪ್ಪಿಸಿದ್ದ ಅಡುಗೆ ಭಟ್ಟರಿಗೆ ಫೋನ್ ಮಾಡಿ, ನೂರಿಪ್ಪತ್ತು ಎಲೆಗೆ ಮಾಡಿದರೆ ಸಾಕು, ಅನ್ನ ದಂಡವಾಗಬಾರದು ಎಂದು ಪದದ ಮೂಲವನ್ನೂ ಸೇರಿಸಿ ಉಪನ್ಯಾಸ ಕೊಟ್ಟೆ. ಅವರು ಕೊನೆಯಲ್ಲಿ ಏನೋ ಅಂದರು. ನಾನಾಗಲೇ ಫೋನ್ ಇಡುತ್ತಿದ್ದೆ.

ನಿಶ್ಚಿತಾರ್ಥದ ದಿನ ನವುಲೆಯ ಛತ್ರ ಕಿಕ್ಕಿರಿಯಿತು. ಉದುರಿದ್ದ ಎಂಬತ್ತು ಮಂದಿಯೂ ಬಂದಿದ್ದರು, ಮಕ್ಕಳ ಸಮೇತ. ಹೆಂಡತಿಯನ್ನು ಕೇಳಿದರೆ, ಹಿಂದಿನ ದಿನ ಅಷ್ಟೂ ಜನಕ್ಕೆ ಇನ್ನೊಂದು ಸಲ ಫೋನ್ ಮಾಡಿ ಕರೆದಿದ್ದಳಂತೆ. ಟ್ರೈ ಅಂದವರು ಎರಡನೇ ಸಲ ಕರೆಯಲಿ ಅಂತ ಕಾಯ್ತಾರೆ, ಅದು ನಿಮ್ಮ ಪುಸ್ತಕದಲ್ಲಿ ಇರಲಿಲ್ವಾ ಎಂದಳು. ಅತ್ತ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಬೀಗರು ದೊಡ್ಡ ಮನಸ್ಸು ಮಾಡಿ, ನಮಗೇನೂ ಅವಸರವಿಲ್ಲ, ಕೊನೇ ಪಂಕ್ತಿಗೆ ಕೂರುತ್ತೇವೆ ಎಂದರು. ಕೊನೇ ಪಂಕ್ತಿಗೆ ಬರಿಯ ಬಾಳೆಲೆ ಉಳಿಯುತ್ತದೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಅಡುಗೆಮನೆಗೆ ಓಡಿ, ಭಟ್ಟರೇ, ಇನ್ನೂರರ ಮೇಲಿದ್ದಾರೆ, ಬೀಗರ ಮುಂದೆ ನನ್ನ ಮರ್ಯಾದೆ ಹೋಯಿತು ಎಂದೆ. ಅವರು ನಿಧಾನಕ್ಕೆ ಕೊಪ್ಪರಿಗೆಯ ಮುಚ್ಚಳ ಸರಿಸಿ ತೋರಿಸಿದರು. ಹುಳಿ ಅಂಚಿನವರೆಗೂ ಇತ್ತು. ಪಕ್ಕದಲ್ಲಿ ಅನ್ನ, ಪಾಯಸ, ಎಲ್ಲ ಇನ್ನೂರೈವತ್ತು ಜನಕ್ಕಾಗುವಷ್ಟು. ಅವರ ಕಾಲು ಮುಟ್ಟಬೇಕು ಅನ್ನಿಸಿತು. ಆದರೂ ಮೇಷ್ಟರ ಬುದ್ಧಿ ನೋಡಿ, ನೂರಿಪ್ಪತ್ತಕ್ಕೇ ಮಾಡಿ ಅಂತ ಅಷ್ಟು ಬಿಡಿಸಿ ಹೇಳಿದ್ದೆನಲ್ಲ ಎಂದು ಕೇಳಿಯೇಬಿಟ್ಟೆ.

“ಹೇಳಿದ್ರಿ ಮೇಷ್ಟ್ರೇ. ಟ್ರೈ ಮಾಡ್ತೀನಿ ಅಂತ ನಾನೂ ಅವತ್ತೇ ಹೇಳಿದ್ನಲ್ಲ.”