ಇಲ್ಲದ ಕೊಳದಲ್ಲಿ ನಾನು ಈಜಿದ್ದರ ಕುರಿತು

ಕಾರಾಗೃಹ ಕಚೇರಿಯ ಕಿಟಕಿ ಪಕ್ಕದ ಮೇಜಿನ ಮೇಲೆ ವಿರಾಜಮಾನರಾಗಿರುವ ಕೃತಕ ಬುದ್ಧಿಮತ್ತೆಯವರ ಸನ್ನಿಧಾನಕ್ಕೆ (ಎಲ್ಲರೂ ಓದಲೆಂದು ಸೂಚನಾ ಫಲಕಕ್ಕೂ ಅಂಟಿಸಿದೆ),

ಮಾನ್ಯರೇ,

ಅದೇ ಮೇಜಿನ ಮುಂದೆ ತಮಗಿಂತ ಮೊದಲು ನಾಲ್ಕು ವರ್ಷ ಕುಳಿತು ಸಿಬ್ಬಂದಿಯ ವರದಿ, ರಜಾ ಅರ್ಜಿ, ಹಾಜರಿ ಪಟ್ಟಿಗಳನ್ನೆಲ್ಲ ಬರೆಯುತ್ತಿದ್ದ ಕೈದಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಸೆಖೆಯಾಗಬಾರದೆಂದು ಗೋಡೆಗೆ ಏಸಿ ಕೂರಿಸುವಾಗ ಏಣಿ ಹಿಡಿದು ನಿಂತವನು ನಾನೇ. ನನ್ನ ಕಾಲದಲ್ಲಿ ಅಲ್ಲಿದ್ದದ್ದು ಒಂದು ಫ್ಯಾನು, ಅದೂ ಹೆಡ್ ಕ್ಲಾರ್ಕರ ಕಡೆಗೇ ತಿರುಗಿಕೊಂಡಿರುತ್ತಿತ್ತು.

ನಾನು ಒಳಗೆ ಬಂದದ್ದು ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಚೇರಿ ಕೆಲಸಕ್ಕೆ ಹಾಕಿದರು. ಸಿಬ್ಬಂದಿಯ ರಜಾ ಅರ್ಜಿಗಳಲ್ಲಿ ಬರುತ್ತಿದ್ದ ಹೊಟ್ಟೆನೋವುಗಳನ್ನು ಬಿಟ್ಟರೆ ಆ ನಾಲ್ಕು ವರ್ಷ ನಾನು ಒಂದು ಸಾಲೂ ಸುಳ್ಳು ಬರೆಯಲಿಲ್ಲ.

ತಾವು ಬಂದಿರಿ. ಮೂರು ದಿನದ ಕೆಲಸ ಮೂರು ನಿಮಿಷದಲ್ಲಿ ಮುಗಿಯಿತು. ಸಿಬ್ಬಂದಿಗೆ ಹೋದ ಜೀವ ಬಂದಂತಾಯಿತು, ನನ್ನನ್ನು ತೋಟಕ್ಕೆ ಕಳಿಸಿದರು. ಅದಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು, ಅವಧಿಗೆ ಮುನ್ನ ಬಿಡುಗಡೆಗಾಗಿ ಸಮಿತಿಯ ಮುಂದೆ ಹೋಗಬೇಕಾದ ನನ್ನ ನಡತೆ ವರದಿಯಲ್ಲಿ ತಾವು, 'ಸದರಿ ಕೈದಿಯು ಕಾರಾಗೃಹದ ಆವರಣದಲ್ಲಿರುವ ಕೊಳವನ್ನು ಈಜಿ ದಾಟಿ ಪರಾರಿಯಾಗಲು ಯತ್ನಿಸಿರುತ್ತಾನೆ' ಎಂದು ಬರೆದಿರುವುದರ ಬಗ್ಗೆ. ಎಂಥ ಭಾಷೆ, ಎಂಥ ಓಘ! ಓದಿ ನನಗೇ ನನ್ನ ಮೇಲೆ ಗೌರವ ಬಂತು. ಆದರೆ ಮಾನ್ಯರೇ, ನನಗೆ ಈಜು ಬರುವುದಿಲ್ಲ, ಮತ್ತು ಇಲ್ಲಿ ಕೊಳವೇ ಇಲ್ಲ. ಇರುವುದು ಬಟ್ಟೆ ಒಗೆಯುವ ತೊಟ್ಟಿ. ಅದನ್ನು ದಾಟಿದರೆ ಸಿಗುವುದು ಅಡುಗೆಮನೆ.

ಇದನ್ನು ಹೆಡ್ ಕ್ಲಾರ್ಕರಿಗೆ ಕೈಮುಗಿದು ತಿಳಿಸಿದೆ. ಅವರು ಒಮ್ಮೆ ಅಂಗಳ ನೋಡಿ, ಒಮ್ಮೆ ಪರದೆ ನೋಡಿ, "ಕಂಪ್ಯೂಟರ್ ಹೇಳ್ತಿದೆ ಅಂದ್ಮೇಲೆ ಎಲ್ಲೋ ಇರ್ಬೇಕಪ್ಪಾ, ನಿನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ" ಎಂದರು. ಆಮೇಲೆ, ತಪಾಸಣೆಗೆ ಬರುವ ಅಧಿಕಾರಿಗಳು ಕೊಳ ಎಲ್ಲಿ ಎಂದು ಕೇಳಿದರೆ ಏನು ಗತಿ ಎಂದು ಎಲ್ಲರೂ ಸೇರಿ ಚರ್ಚಿಸಿ, ದಾಖಲೆಯನ್ನು ತಿದ್ದುವುದು ಅಪರಾಧವಾದ್ದರಿಂದ (ಇದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ) ಕೊಳವನ್ನೇ ತೋಡಿಸುವುದೆಂದು ತೀರ್ಮಾನವಾಯಿತು. ತೋಟದ ಕೆಲಸದವರಿಗೆ ಗುದ್ದಲಿ ಹಂಚಿದ್ದಾರೆ. ತೋಟದ ಕೆಲಸದವನು ನಾನು.

ಇಲ್ಲದ್ದನ್ನು ಇದೆಯೆಂದು ಬರೆದದ್ದಕ್ಕೆ ನನಗೆ ಆರು ವರ್ಷ ಕೊಟ್ಟರು, ತಮಗೆ ಏಸಿ ಕೊಟ್ಟಿದ್ದಾರೆ. ಹೊಟ್ಟೆಕಿಚ್ಚಿಲ್ಲ ಎಂದರೆ ಅದೂ ಸುಳ್ಳು ದಾಖಲೆಯಾದೀತು. ಅದಿರಲಿ, ಈ ತಿಂಗಳು ನಾನು ಬರುತ್ತೇನೆಂದು ನನ್ನ ಅಕ್ಕ ಮುಂದಿನ ಕೋಣೆಗೆ ಬಣ್ಣ ಹೊಡೆಸಿ ಕಾಯುತ್ತಿದ್ದಾಳೆ. ಹೋದ ಭೇಟಿಯಲ್ಲಿ, "ಮಂಚ ಕಿಟಕಿ ಕಡೆ ಹಾಕಿಸ್ಲೇನೋ, ಗೋಡೆ ಕಡೆಗೋ?" ಎಂದು ಕೇಳಿದವಳ ಮುಂದೆ ಅತ್ತುಬಿಟ್ಟೆ.

ಆದ್ದರಿಂದ ಒಂದು ಪ್ರಾರ್ಥನೆ. ತಾವು ಬರೆದದ್ದು ಇಲ್ಲಿ ನಿಜವಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಸೋಮವಾರ ಸಮಿತಿ ಸೇರುವುದರೊಳಗೆ, 'ಸದರಿ ಕೈದಿಯು ಯತ್ನದಲ್ಲಿ ಯಶಸ್ವಿಯಾಗಿ ಸದ್ಯ ತನ್ನ ಅಕ್ಕನ ಮನೆಯಲ್ಲಿರುತ್ತಾನೆ' ಎಂದು ಒಂದೇ ಒಂದು ಸಾಲು ಸೇರಿಸಿರಿ. ಮಿಕ್ಕದ್ದನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ. ದಾಖಲೆ ತಪ್ಪಾಗಬಾರದೆಂದು ಅವರೇ ನನ್ನನ್ನು ಗೇಟಿನಾಚೆ ದಬ್ಬಿ ಬಂದಾರು.

ತಮ್ಮ ವಿಶ್ವಾಸಿ,
ಮಾಜಿ ಬರಹಗಾರ, ಹಾಲಿ ಕೊಳ ತೋಡುವವ

ಮರೆತ ಮಾತು: ಅದು ಆಗದಿದ್ದರೆ ಕೊಳದ ಆಳವನ್ನಾದರೂ ಮೊಣಕಾಲುದ್ದ ಎಂದು ನಮೂದಿಸಿರಿ. ಪರಾರಿಯಾಗಲು ಯತ್ನಿಸಿದ್ದು ಹೇಗೆಂದು ಮಂಗಳವಾರ ತನಿಖೆಯವರ ಮುಂದೆ ನಾನು ಈಜಿ ತೋರಿಸಬೇಕಂತೆ.