ಗಂಟೆಯೊಳಗಿನ ಗೂಡು

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಕೊಳ್ಳೇಗಾಲದ ರೇಷ್ಮೆ ಉಪಕರಣ ಎರವಲು ಕಚೇರಿಯಲ್ಲಿ ಯಾವ ಕೆಲಸವೂ ನಿಂತುಹೋಗಿರಲಿಲ್ಲ. ಎಲ್ಲ ಕೆಲಸಗಳೂ ಅರ್ಧಕ್ಕೆ ಬಂದು, ಮುಂದುವರಿಯಲು ಸಿದ್ಧವಾಗಿ ಕೂತಿದ್ದವು.

ಇದಕ್ಕೆ ಕಾರಣ ಸಾಹೇಬರ ತರಬೇತಿ. ಕಂಪ್ಯೂಟರ್ ಎಂಬ ಯಂತ್ರದ ಒಳಗುಟ್ಟು ತಿಳಿದು ಬರಲೆಂದು ಸರ್ಕಾರ ಅವರನ್ನು ಬೆಂಗಳೂರಿಗೆ ಕಳಿಸಿತ್ತು. ಆ ಯಂತ್ರದ ನಟ್ಟನಡುವೆ ಒಂದು ತಿರುಳು ಇರುತ್ತದಂತೆ. ಸಾಮಾನು ಸರಂಜಾಮೆಲ್ಲ ಅದರ ವಶದಲ್ಲಿ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಕಿಟಕಿಯಲ್ಲಿ ನಿಂತು ಕೇಳಬೇಕು. ಸೂಚನೆಯೊಂದು ಬಂದರೆ ನಡೆಯುತ್ತಿದ್ದ ಕೆಲಸ ಅಲ್ಲೇ ನಿಂತು, ನಿಂತ ಜಾಗಕ್ಕೆ ಗುರುತು ಬಿದ್ದು, ಸೂಚನೆ ಪೂರೈಸಿದ ಮೇಲೆ ಆ ಗುರುತಿನಿಂದಲೇ ಮತ್ತೆ ಶುರುವಾಗುತ್ತದಂತೆ. ಇದಿಷ್ಟೂ ಕಣ್ಣೆವೆ ಮಿಟುಕಿಸುವುದರೊಳಗೆ ಆಗಿಹೋಗುತ್ತದೆ ಎಂಬ ಮಾತನ್ನು ಊಟವಾದ ಮೇಲಿನ ಉಪನ್ಯಾಸದಲ್ಲಿ ಹೇಳಿದ್ದರು. ಅವತ್ತು ಊಟಕ್ಕೆ ಹೋಳಿಗೆ ಇತ್ತು. ಸಾಹೇಬರಿಗೆ ಆ ಉಪನ್ಯಾಸದ ಹೊತ್ತಿಗೆ ಎಚ್ಚರವಿರಲಿಲ್ಲ.

ಅವರು ಹಿಂತಿರುಗಿದ ವಾರದಲ್ಲೇ ಕಚೇರಿಯ ಒಳಮನೆಗೆ ‘ತಿರುಳು’ ಎಂಬ ಬೋರ್ಡು ಬಿತ್ತು. ಸಾಹೇಬರು ತಮ್ಮ ಮೇಜಿನಿಂದ ಹಗ್ಗ ಎಳೆದರೆ ಗುಮಾಸ್ತ ಹನುಮಯ್ಯನ ನೆತ್ತಿಯ ಮೇಲೆ ಬಾರಿಸುವಂತೆ ಹಿತ್ತಾಳೆ ಗಂಟೆಗಳ ಸಾಲು ತೂಗುಬಿತ್ತು. ಕಾಫಿಗೊಂದು, ಫೈಲಿಗೊಂದು, ಕಿಟಕಿ ಬಾಗಿಲು ಮುಚ್ಚುವುದಕ್ಕೊಂದು. ಪಕ್ಕದ ಗೋಡೆಯ ಮೇಲೆ ನಿಯಮಾವಳಿ:

‘ಅರ್ಜಿದಾರರು ಒಳಗೆ ಬರತಕ್ಕದ್ದಲ್ಲ, ಕಿಟಕಿಯಲ್ಲಿ ನಿಂತು ಕೇಳಿಕೊಳ್ಳತಕ್ಕದ್ದು. ಗಂಟೆ ಕೇಳಿದೊಡನೆ ನೌಕರನು ಕೈಯಲ್ಲಿರುವ ಕೆಲಸವನ್ನು, ಅಕ್ಷರದ ನಡುವಿದ್ದರೂ ಸರಿಯೆ, ಅಲ್ಲಿಗೇ ಬಿಟ್ಟು, ಬಿಟ್ಟ ಜಾಗದಲ್ಲಿ ಹುಣಸೆ ಬೀಜವಿಟ್ಟು ಏಳತಕ್ಕದ್ದು. ಒಂದು ಗಂಟೆಯನ್ನು ಪೂರೈಸುತ್ತಿರುವಾಗ ಅದೇ ಗಂಟೆ ಎಷ್ಟು ಸಲ ಹೊಡೆದರೂ ಒಂದೇ ಸಲವೆಂದು ಭಾವಿಸತಕ್ಕದ್ದು. ಅರ್ಜಿದಾರರ ಪರವಾಗಿ ಒಳಹೋಗಿದ್ದಾಗ ಗಂಟೆ ಹೊಡೆದಲ್ಲಿ ಸದರಿ ಕೋರಿಕೆಯು ಭಂಗಗೊಂಡಿತೆಂದು ತಿಳಿದು, ಅರ್ಜಿದಾರರು ಮೊದಲಿನಿಂದ ಕೇಳಿಕೊಳ್ಳತಕ್ಕದ್ದು. ಏನು ಮಾಡಬೇಕೆಂದು ಮುಂಚಿತವಾಗಿ ಗೊತ್ತುಪಡಿಸದ ಗಂಟೆ ಹೊಡೆದಲ್ಲಿ ನೌಕರನು ಮನೆಗೆ ಹೋಗತಕ್ಕದ್ದು.’

ಈ ಕೊನೆಯದನ್ನು ನೌಕರರೆಲ್ಲ ಬಾಯಿಪಾಠ ಮಾಡಿದ್ದರು. ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿಸಿದ ದಿನ ಇಡೀ ಕಚೇರಿ ಶಿಸ್ತಿನಿಂದ ಮನೆಗೆ ಹೋಗಿತ್ತು.

ಮುಳ್ಳೂರಿನ ಚನ್ನಾಜಮ್ಮ ಈ ಕಿಟಕಿಗೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಅವಳ ಮನೆಯ ರೇಷ್ಮೆ ಹುಳು ಅವತ್ತೇ ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅವಳ ಚಂದ್ರಿಕೆಗಳನ್ನು ಗೆದ್ದಲು ತಿಂದಿತ್ತು. ನೆರೆಹೊರೆಯವರನ್ನು ಕೇಳೋಣವೆಂದರೆ, ಸರ್ಕಾರ ಊರಿಗೆಲ್ಲ ಒಂದೇ ದಿನ ಮೊಟ್ಟೆ ಹಂಚಿದ್ದರಿಂದ ಊರ ಹುಳುವೆಲ್ಲ ಒಂದೇ ದಿನ ಹಣ್ಣಾಗಿದ್ದವು. ಸಂಜೆಯೊಳಗೆ ಜಾಗ ಸಿಗದಿದ್ದರೆ ಹುಳು ತಟ್ಟೆಯಲ್ಲೇ ನೂಲು ಕಕ್ಕಿ ಸಾಯುತ್ತವೆ. ತಿಂಗಳಿಡೀ ಸೊಪ್ಪು ಕೊಯ್ದು ಹಾಕಿ, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹೆತ್ತ ಮಕ್ಕಳಿಗೂ ಮಾಡದ ಆರೈಕೆಯನ್ನು ಅವಳು ಅವಕ್ಕೆ ಮಾಡಿದ್ದಳು.

“ಸಾ, ಉಳ ಅಣ್ಣಾಗವೆ. ಚಂದ್ರಿಕೆ ಕೊಡಿ,” ಎಂದಳು.

ಹನುಮಯ್ಯ ಒಳ್ಳೆಯ ಮನುಷ್ಯ. ತಕ್ಷಣ ಬೀಗದ ಕೈ ತೆಗೆದುಕೊಂಡು ತಿರುಳಿನೊಳಗೆ ಹೋದ. ಉಗ್ರಾಣದ ಬಾಗಿಲು ಮುಟ್ಟಿದನೋ ಇಲ್ಲವೋ, ಕಾಫಿಯ ಗಂಟೆ ಹೊಡೆಯಿತು. ಹೊಸ್ತಿಲ ಮೇಲೆ ಹುಣಸೆ ಬೀಜವಿಟ್ಟು, ಕಾಫಿ ಕೊಟ್ಟು, ಕಿಟಕಿಗೆ ಬಂದ.

“ನಿಮ್ಮ ಕೋರಿಕೆ ಭಂಗ ಆಯ್ತು ಕಣಮ್ಮ. ಮೊದಲಿಂದ ಕೇಳಿ.”

“ಈಗ ತಾನೆ ಕೇಳುದ್ನಲ್ಲಪ್ಪ?”

“ಅದೇ ಭಂಗ ಆಗಿರೋದು.”

ಚನ್ನಾಜಮ್ಮ ಮೊದಲಿಂದ ಕೇಳಿದಳು. ಈ ಸಲ ಬೀಗ ತೆರೆದ ಸದ್ದು ಅವಳಿಗೇ ಕೇಳಿಸಿತು. ಅದರ ಬೆನ್ನಿಗೇ ಫೈಲಿನ ಗಂಟೆ. ಮುಂದಿನ ಸಲ ಕಿಟಕಿ ಮುಚ್ಚುವ ಗಂಟೆ. ಅವಳು ಮುಚ್ಚಿದ ಕಿಟಕಿಗೆ ಕೇಳಿಕೊಂಡಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ತಿರುಳಿನ ನೆಲದ ತುಂಬ ಹುಣಸೆ ಬೀಜ ಹರಡಿತ್ತು, ಹನುಮಯ್ಯ ಅವನ್ನು ದಾಟಿ ದಾಟಿ ಓಡಾಡುತ್ತಿದ್ದ.

“ಆ ಗಂಟೆ ಕೇಳುಸ್ನಿಲ್ಲ ಅಂದುಬುಟ್ರೆ ಆಗದಿಲ್ವಾ?” ಎಂದು ಕಿಟಕಿ ಮತ್ತೆ ತೆರೆದಾಗ ಅವಳು ಕೇಳಿದಳು.

“ಕೇಳುಸ್ತದಲ್ಲಮ್ಮ. ಕೇಳುಸ್ದೆ ಇದ್ರೆ ಬ್ಯಾರೆ ಮಾತು. ಕೇಳುಸ್ದೆ ಇರೋ ಗಂಟೆಗೆ ನಿಯಮ ಇಲ್ಲ.”

ಇಳಿಹೊತ್ತಿಗೆ ಗಂಡ ಪುಟ್ಟಬಸಪ್ಪ ಹುಳುವಿನ ತಟ್ಟೆಗಳನ್ನು ಗಾಡಿಗೆ ಹೇರಿಕೊಂಡೇ ಬಂದುಬಿಟ್ಟ. “ಏನಮ್ಮಿ, ಇನ್ನೂ ಸಿಕ್ನಿಲ್ವಾ? ತಲೆ ಎತ್ಕಂಡು ನೂಲು ಬುಡ್ತಾ ಅವೆ, ನೋಡಿಲ್ಲಿ!”

ಚನ್ನಾಜಮ್ಮ ನೋಡಿದಳು. ಹುಳುಗಳು ಗಾಳಿಯಲ್ಲಿ ತಲೆಯಾಡಿಸುತ್ತ ಆಸರೆ ಹುಡುಕುತ್ತಿದ್ದವು. ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು. ಒಂದು ತಟ್ಟೆ ಎತ್ತಿಕೊಂಡು ಕಿಟಕಿಗೆ ನಡೆದಳು.

“ಯಾರು ಒಳಿಕ್ಕೆ ಬರಬಾರ್ದು ಅಂತ ಬರ್ದದೆ?”

ಹನುಮಯ್ಯ ಗೋಡೆ ನೋಡಿ ಹೇಳಿದ: “ಅರ್ಜಿದಾರರು.”

“ಉಳ ಅರ್ಜಿ ಆಕಿದ್ದವಾ?”

“ಇಲ್ಲ.”

ಅವಳು ತಟ್ಟೆಯನ್ನು ಅವನ ಮೇಜಿನ ಮೇಲೆ ಸುರಿದಳು. ಪುಟ್ಟಬಸಪ್ಪ ಉಳಿದ ತಟ್ಟೆಗಳನ್ನು ಒಂದೊಂದಾಗಿ ಕೊಡುತ್ತಲೇ ಹೋದ. ಹನುಮಯ್ಯ ಏನೋ ಹೇಳಲು ಬಾಯಿ ತೆರೆದ. ಆಗ ಫೈಲಿನ ಗಂಟೆ ಹೊಡೆದದ್ದರಿಂದ ಬಾಯಿ ತೆರೆದಲ್ಲಿಗೇ ಬಿಟ್ಟು, ಬೀಜವಿಟ್ಟು ಎದ್ದ.

ಚನ್ನಾಜಮ್ಮ ಪೇಟೆಯ ನಾದಿನಿ ಮನೆಯಲ್ಲಿ ಉಳಿದು ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಬಂದಳು. ಕಚೇರಿ ನಿಶ್ಶಬ್ದವಾಗಿತ್ತು. ಫೈಲುಗಳ ಸಂದುಗಳಲ್ಲಿ, ಮಸಿ ಕುಡಿಕೆಯ ಹಿಂದೆ, ಕ್ಯಾಲೆಂಡರಿನ ಮಡಿಕೆಯಲ್ಲಿ ಹುಳುಗಳು ತಮ್ಮ ಪಾಡಿಗೆ ತಾವು ನೂಲುತ್ತಿದ್ದವು. ಹಗ್ಗ ಹತ್ತಿ ಹೋದ ಹುಳುಗಳು ಗಂಟೆಗಳ ಒಳಗೆ ನಾಲಗೆಗೆ ಸುತ್ತಿ ಗೂಡಿಟ್ಟಿದ್ದವು. ಒಳಗಡೆ ಸಾಹೇಬರು ಹಗ್ಗ ಎಳೆಯುತ್ತಿದ್ದರು. ಗಂಟೆಗಳು ತೂಗುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ.

ಸದ್ದಿಲ್ಲದ್ದರಿಂದ ಹನುಮಯ್ಯ ತಿರುಳಿಗೆ ಹೋದವನು ಯಾವ ಭಂಗವೂ ಇಲ್ಲದೆ ಚಂದ್ರಿಕೆಗಳನ್ನು ಹೊತ್ತು ಕಿಟಕಿಗೆ ಬಂದ. “ತಕಳಿ, ನಿಮ್ಮ ಕೋರಿಕೆ ಪೂರೈಸ್ತು.”

“ಈಗ್ಯಾಕಪ್ಪ?”

“ಪೂರೈಸಿದ್ದನ್ನ ವಾಪಸ್ ತಕಳಕೆ ನಿಯಮ ಇಲ್ಲ ಕಣಮ್ಮ.”

ಅಷ್ಟರಲ್ಲಿ ಕಾಫಿ ಸಿಗದ ಸಾಹೇಬರು ಹೊರಗೆ ಬಂದರು. ಮೇಜು ನೋಡಿದರು, ಗಂಟೆ ನೋಡಿದರು. ಗುಡಿಸಿ ಹೊರಗೆಸೆಯಿರಿ ಎಂದು ಅವರೊಂದು ಮಾತಂದರೆ ಚನ್ನಾಜಮ್ಮನ ತಿಂಗಳ ಬಾಳು ಬೀದಿಗೆ ಬೀಳುತ್ತಿತ್ತು. ಸಾಹೇಬರು ಮಸಿ ಕುಡಿಕೆಯ ಹಿಂದಿನ ಗೂಡನ್ನು ಬಗ್ಗಿ ನೋಡಿದರು. ಶುರುವಾದ ಕೆಲಸವೊಂದು ಮುಗಿಯುವುದನ್ನು ಅವರ ಕಚೇರಿ ಕಾಣುತ್ತಿದ್ದುದು ಇದೇ ಮೊದಲು.

“ಬರೆದುಕೋ ಹನುಮಯ್ಯ,” ಎಂದರು. “ಗೂಡು ಬಿಡಿಸುವವರೆಗೆ ಯಾವ ಫೈಲನ್ನೂ ಯಾರೂ ಅಲ್ಲಾಡಿಸತಕ್ಕದ್ದಲ್ಲ. ಬೆಂಗಳೂರಿಗೆ ಒಂದು ಪ್ರತಿ ಹೋಗಲಿ.”

ಬೆಂಗಳೂರು ಮೆಚ್ಚಿ ಪತ್ರ ಬರೆಯಿತು. ಗೂಡುಗಳು ಗಟ್ಟಿಯಾಗಿ, ಬೆಳ್ಳಗೆ ಬಂದವು. ಮುಂದಿನ ಬೆಳೆಗೆ ಮುಳ್ಳೂರಿಂದ ಯಳಂದೂರಿನವರೆಗಿನ ಗಾಡಿಗಳು ಕಚೇರಿಯ ಮುಂದೆ ಸಾಲುಗಟ್ಟಿದವು. ಎಲ್ಲರಿಗಿಂತ ಮುಂದೆ ಚನ್ನಾಜಮ್ಮ ನಿಂತಿದ್ದಳು.

“ನಿಮಗೆ ಚಂದ್ರಿಕೆ ಕೊಟ್ಟಿದ್ದೆವಲ್ಲಮ್ಮ?” ಎಂದು ಸಾಹೇಬರು ಕೇಳಿದರು.

“ಅದ್ರಲ್ಲಿ ಸಂಡಿಗೆ ಒಣಗಾಕಿವ್ನಿ ಸಾ. ಗಾಳಿಗೆ ಅಲ್ಲಾಡ್ತವೆ ಅವು,” ಎಂದಳು ಚನ್ನಾಜಮ್ಮ. “ನಂಗೆ ಅನುಮಯ್ಯನ ಮೇಜೇ ಕೊಡಿ. ಅಲ್ಲಿ ಏನೂ ಅಲ್ಲಾಡಕಿಲ್ಲ.”

ಸಾಹೇಬರು ಹೆಮ್ಮೆಯಿಂದ ತಲೆಯಾಡಿಸಿ ಮಂಜೂರು ಮಾಡಿದರು.